ನಿರ್ಧಾರದ ವಹಿ: ನನ್ನ ಅಂದಾಜನ್ನು ಆಣೆ ಲೆಕ್ಕದಲ್ಲಿ ತೂಗಿದ ಬಗೆ

ಸಿಂಧನೂರು ಭಾಗದಲ್ಲಿ ಕಾಲುವೆ ನಂಬಿ ಭತ್ತ ಬೆಳೆಯುವವರು ಒಂದು ಹಂಗಾಮಿನಲ್ಲಿ ಮಾಡುವ ನಿರ್ಧಾರಗಳೆಲ್ಲ ಅರ್ಧ ಗೊತ್ತು, ಅರ್ಧ ಊಹೆ. ನೀರು ಯಾವತ್ತು ಬಿಡ್ತಾರೆ, ಯಾವ ತಳಿ ಹಾಕಬೇಕು, ಸಸಿ ಮಡಿ ಈಗಲೇ ಚೆಲ್ಲಬೇಕೋ ವಾರ ಕಾಯಬೇಕೋ, ಕಟಾವು ಆದಮೇಲೆ ಮಾರಬೇಕೋ ಇಡಬೇಕೋ. ಇಂಥ ಹೊತ್ತಿನಲ್ಲಿ ಗಟ್ಟಿಯಾಗಿ ನಿಲ್ಲುವವರನ್ನು ಕಂಡು ಅದು ಅವರ ಹುಟ್ಟುಗುಣ ಅನ್ನುತ್ತೇವೆ. ನನ್ನ ಅನುಭವದಲ್ಲಿ ಅದು ಬರೆದಿಟ್ಟು, ಮತ್ತೆ ತೆಗೆದು ನೋಡಿ ಬೆಳೆಸಿಕೊಳ್ಳುವಂಥದ್ದು. ಅದಕ್ಕೆ ಬೇಕಾದದ್ದು ಉದ್ದನೆಯ ಒಂದು ವಹಿ, ಒಂದು ಪೆನ್ನು. ಮೊಬೈಲಿನಲ್ಲಿ ಬರೆದರೂ ನಡೆಯುತ್ತದೆ, ಆದರೆ ಅಲ್ಲಿ ಹಳೆಯದನ್ನು ಸದ್ದಿಲ್ಲದೆ ತಿದ್ದಿಬಿಡಬಹುದು. ಕಾಗದದಲ್ಲಿ ಹೊಡೆದುಹಾಕಿದ್ದು ಎದ್ದು ಕಾಣುತ್ತದೆ.

ಒಂದು ನಿರ್ಧಾರಕ್ಕೆ ಅರ್ಧ ಪುಟ ಸಾಕು. ಮೇಲೆ ತಾರೀಖು. ಕೆಳಗೆ ನನ್ನ ಮುಂದಿರುವ ದಾರಿಗಳು, ಕಡಿಮೆಯೆಂದರೆ ಮೂರು. ಎರಡೇ ಕಂಡರೆ ಇನ್ನೂ ಸರಿಯಾಗಿ ಯೋಚಿಸಿಲ್ಲ ಎಂದರ್ಥ, ಮಾರು–ಇಡು ಎಂಬುದರ ನಡುವೆ ಒಂದು ಭಾಗ ಮಾರುವ ದಾರಿ ಇದ್ದೇ ಇರುತ್ತದೆ. ಅದರ ಕೆಳಗೆ ಮೂರು ಸಾಲು: ಕಣ್ಣಾರೆ ಕಂಡದ್ದು, ಬೇರೆಯವರಿಂದ ಕೇಳಿದ್ದು, ನಾನೇ ಊಹಿಸಿದ್ದು. ಈ ಮೂರನ್ನು ಬೇರೆಬೇರೆ ಬರೆದ ಕೂಡಲೇ ಅರ್ಧ ಗೊಂದಲ ಇಳಿಯುತ್ತದೆ. ಪಕ್ಕಾ ಅಂದುಕೊಂಡದ್ದರಲ್ಲಿ ಬಹುಪಾಲು ಎರಡನೇ ಸಾಲಿಗೆ ಸೇರುವಂಥದ್ದೆಂದು ಆಗ ತಿಳಿಯುತ್ತದೆ. ಕೊನೆಗೆ, ಏನಾಗುತ್ತದೆಂದು ನಾನು ನಂಬಿದ್ದೇನೆ, ಎಷ್ಟು ಆಣೆ ನಂಬಿದ್ದೇನೆ, ಯಾವ ದಿನ ತೆಗೆದು ನೋಡುತ್ತೇನೆ.

ಆಣೆ ಯಾಕೆಂದರೆ, ಹಳೆಯ ರೂಪಾಯಿಗೆ ಹದಿನಾರು ಆಣೆ, ನಮ್ಮ ಕಡೆ "ಹದಿನಾರಾಣೆ ಖರೆ" ಅನ್ನುವುದು ಇವತ್ತಿಗೂ ಬಾಯಲ್ಲಿದೆ. ನೂರಕ್ಕೆ ಎಪ್ಪತ್ತೈದು ಅಂದರೆ ಮನಸ್ಸು ಒಪ್ಪುವುದಿಲ್ಲ, ಹನ್ನೆರಡಾಣೆ ಅಂದರೆ ಕೂಡಲೇ ಅಳತೆ ಸಿಗುತ್ತದೆ. ಎಂಟಾಣೆ ಅಂದರೆ ಆದರೂ ಆಗಬಹುದು, ಇಲ್ಲವಾದರೂ ಇಲ್ಲ. ಹನ್ನೆರಡಾಣೆ ಅಂದರೆ ಇಂಥ ನಾಲ್ಕು ಮಾತುಗಳಲ್ಲಿ ಮೂರು ನಿಲ್ಲಬೇಕು. ಹದಿನಾಲ್ಕಾಣೆ ಅಂದರೆ ಎಂಟರಲ್ಲಿ ಏಳು. ಹದಿನಾರಾಣೆ ಬರೆಯುವುದಿಲ್ಲ ಎಂಬುದು ನಾನು ಹಾಕಿಕೊಂಡ ನಿಯಮ. ಅಷ್ಟು ಖಚಿತವಿದ್ದರೆ ಅದರಲ್ಲಿ ನಿರ್ಧರಿಸುವುದೇನೂ ಉಳಿದಿರುವುದಿಲ್ಲ.

ಬರೆಯುವ ಮಾತು ಪರೀಕ್ಷೆಗೆ ಸಿಗುವಂತಿರಬೇಕು. ಹೆಚ್ಚಿನವರು ಎಡವುವುದು ಇಲ್ಲೇ. "ರೇಟು ಏರಬಹುದು" ಎಂಬ ಮಾತು ಯಾವತ್ತೂ ಸುಳ್ಳಾಗುವುದಿಲ್ಲ, ಹಾಗಾಗಿ ಅದರಿಂದ ಕಲಿಯುವುದಕ್ಕೂ ಏನೂ ಇಲ್ಲ. ಭತ್ತ ಇಡುವ ನಿರ್ಧಾರವನ್ನೇ ತೆಗೆದುಕೊಳ್ಳಿ. ಕಟಾವಿನ ಹೊತ್ತಿಗೆ 75 ಕೆಜಿ ಚೀಲಕ್ಕೆ ₹1,700 ಇದೆ, ಕಾಳಿನಲ್ಲಿ ನೂರಕ್ಕೆ 20ರಷ್ಟು ತೇವ ಇದೆ ಎಂದು ಹಿಡಿಯೋಣ. ಒಣಗಿಸಿ 14ಕ್ಕೆ ಇಳಿಸಿದರೆ 80ನ್ನು 86ರಿಂದ ಭಾಗಿಸಿದಷ್ಟು ತೂಕ ಮಾತ್ರ ಉಳಿಯುತ್ತದೆ. 75 ಕೆಜಿ ಸುಮಾರು 69.8 ಕೆಜಿ ಆಗುತ್ತದೆ. ಸಾಲದ ಬಡ್ಡಿ ತಿಂಗಳಿಗೆ ನೂರಕ್ಕೆ ಎರಡು ಅಂದರೆ ಮೂರು ತಿಂಗಳಿಗೆ ₹102. ಗೋದಾಮಿಗೆ ತಿಂಗಳಿಗೆ ಚೀಲಕ್ಕೆ ₹8ರಂತೆ ₹24, ಹಮಾಲಿ ₹15 ಎಂದಿಟ್ಟರೆ ಒಟ್ಟು ₹1,841. ಅದು 69.8 ಕೆಜಿ ಕಾಳಿನ ಮೇಲೆ ಬಿದ್ದ ಅಸಲು. 75 ಕೆಜಿ ಲೆಕ್ಕಕ್ಕೆ ತಂದರೆ ಸುಮಾರು ₹1,980. ಬಾಡಿಗೆ, ಹಮಾಲಿ, ಬಡ್ಡಿ ನಿಮ್ಮೂರಿನದನ್ನೇ ಹಾಕಿಕೊಳ್ಳಿ, ಲೆಕ್ಕದ ದಾರಿ ಇದೇ.

ಈಗ ಪ್ರಶ್ನೆ ಬದಲಾಯಿತು. ರೇಟು ಏರುತ್ತದೋ ಇಲ್ಲವೋ ಎಂಬ ಚಿಂತೆ ಹೋಗಿ, ಒಣ ಕಾಳಿನ ರೇಟು ಮೂರು ತಿಂಗಳೊಳಗೆ ₹1,980 ದಾಟುತ್ತದೆ ಎಂದು ನಾನು ಎಷ್ಟಾಣೆ ನಂಬಿದ್ದೇನೆ ಎಂಬುದಷ್ಟೇ ಉಳಿಯಿತು. ₹100 ಏರಿದರೂ ಇಟ್ಟವನಿಗೆ ನಷ್ಟವೇ ಎಂಬುದು ಬರೆದಾಗ ಕಾಣುತ್ತದೆ, ಕಟ್ಟೆ ಮೇಲೆ ಕೂತು ಮಾತಾಡಿದಾಗ ಕಾಣುವುದಿಲ್ಲ. ಬೆಂಬಲ ಬೆಲೆ ಕೇಂದ್ರಕ್ಕೆ ಒಯ್ಯುವುದಾದರೆ ತೇವ 17ರ ಒಳಗಿರಬೇಕು. 2025–26ಕ್ಕೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲ್‌ಗೆ ₹2,369 ಇತ್ತು, ಅಂದರೆ 75 ಕೆಜಿಗೆ ಸುಮಾರು ₹1,777. ಅದೂ ನಿಮ್ಮ ಮುಂದಿನ ದಾರಿಗಳಲ್ಲಿ ಒಂದಾಗಿ ಪುಟದ ಮೇಲೆ ಬರಲಿ.

ಎರಡನೆಯದು ಕೊನೆಯ ದಿನ. ಯಾವುದನ್ನು ಯಾವತ್ತಿನವರೆಗೆ ಮುಂದೂಡಬಹುದು ಎಂಬ ತಾರೀಖು ಗೊತ್ತಿದ್ದರೆ ಅಲ್ಲಿಯವರೆಗೆ ನೆಮ್ಮದಿಯಿಂದ ಕಾಯಬಹುದು, ಆಮೇಲೆ ಒದ್ದಾಟ ಇರುವುದಿಲ್ಲ. ಕಾಲುವೆ ನೀರು ನಿಲ್ಲುತ್ತದೆ ಎಂದು ನೀರಾವರಿ ಸಲಹಾ ಸಮಿತಿ ಹೇಳಿದ ದಿನದಿಂದ ಲೆಕ್ಕ ಹಿಡಿದು ಹಿಂದಕ್ಕೆ ಎಣಿಸಬೇಕು. ಕಾಲುವೆ ನವೆಂಬರ್ 30ಕ್ಕೆ ನಿಲ್ಲುತ್ತದೆ ಎಂದುಕೊಳ್ಳಿ. ಕಟಾವಿಗೆ ಹದಿನೈದು ದಿನ ಮೊದಲು ಹೇಗೂ ನೀರು ತೆಗೆಯುತ್ತೇವೆ, ಹಾಗಾಗಿ ಕಟಾವು ಡಿಸೆಂಬರ್ 15. ನಮ್ಮ ಕಡೆ ಸೋನಾ ಮಸೂರಿ ಎನ್ನುವ ಬಿಪಿಟಿ 5204 ತಳಿ ಬೀಜದಿಂದ ಬೀಜಕ್ಕೆ ಸುಮಾರು 150 ದಿನದ್ದು, ಅದರ ಮಡಿ ಜುಲೈ 18ರೊಳಗೆ ಬೀಳಬೇಕು. ಆರ್‌ಎನ್‌ಆರ್ 15048 ತಳಿ ಸುಮಾರು 125 ದಿನದ್ದು, ಅದಕ್ಕೆ ಆಗಸ್ಟ್ 12ರವರೆಗೆ ಅವಕಾಶ. ಮಾನ್ವಿ, ಸಿರವಾರ ಕಡೆಯ ಕೊನೆ ಭಾಗದ ಹೊಲಗಳಿಗೆ ನೀರು ತಡವಾಗಿ ಮುಟ್ಟಿ ಬೇಗ ನಿಲ್ಲುವುದರಿಂದ ಎರಡೂ ತಾರೀಖಿನಿಂದ ಇನ್ನೊಂದು ವಾರ ಕಳೆಯುವುದು ಒಳ್ಳೆಯದು. ಜುಲೈ 18 ದಾಟಿತೋ, ನಿರ್ಧಾರ ತಾನಾಗಿ ಕಡಿಮೆ ದಿನದ ತಳಿಗೆ ಹೊರಳುತ್ತದೆ. ಆವತ್ತು ಮತ್ತೆ ಚರ್ಚೆಗೆ ಕೂರುವ ಅಗತ್ಯವಿಲ್ಲ. ಎಕರೆಗೆ 25 ಕೆಜಿ ಬೀಜ, ನಾಲ್ಕು ಗುಂಟೆ ಮಡಿ, ಕೆಟ್ಟರೆ ಹೋಗುವುದು ಅಷ್ಟೇ. ಹೀಗೆ ಹಿಂದಿರುಗಲು ಬರುವ ನಿರ್ಧಾರಕ್ಕೆ ಒಂದು ಸಂಜೆಗಿಂತ ಹೆಚ್ಚು ಸಮಯ ಕೊಡಬೇಡಿ. ಹೊಲ ಮಾರುವುದು, ಹತ್ತು ಎಕರೆ ಲೀಜಿಗೆ ಹಿಡಿಯುವುದು, ಬಂಗಾರ ಅಡವಿಡುವುದು, ಇವುಗಳಿಗೆ ವಾರ ಕೊಡಿ.

ಇನ್ನು ನಿರ್ಧಾರವನ್ನೂ ಫಲವನ್ನೂ ಒಂದೇ ತಕ್ಕಡಿಗೆ ಹಾಕುವ ರೂಢಿ. ಆತ್ಮವಿಶ್ವಾಸ ಕೆಡಿಸುವುದರಲ್ಲಿ ಇದಕ್ಕಿಂತ ದೊಡ್ಡದು ನನಗೆ ಕಂಡಿಲ್ಲ. 2024ರ ಆಗಸ್ಟ್ 10ರ ರಾತ್ರಿ, ನಮ್ಮ ಕಾಲುವೆಗೆ ನೀರು ಕೊಡುವ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋಯಿತು, ಸಂಗ್ರಹವಾಗಿದ್ದ ನೀರು ನದಿ ಪಾಲಾಗತೊಡಗಿತು. ಆಗ ಖರ್ಚು ಬಿಗಿಹಿಡಿದವರು, ಎರಡನೇ ಬೆಳೆಯ ಆಸೆ ಬಿಟ್ಟವರು ಅವತ್ತಿಗೆ ಗೊತ್ತಿದ್ದರ ಮೇಲೆ ಸರಿಯಾಗಿಯೇ ಯೋಚಿಸಿದ್ದರು. ಒಂದು ವಾರದೊಳಗೆ ತಾತ್ಕಾಲಿಕ ಗೇಟು ಕೂತು, ಮುಂದೆ ಮಳೆ ಹಿಡಿದು ಜಲಾಶಯ ಮತ್ತೆ ತುಂಬಿದ್ದು ಅವರ ತಪ್ಪನ್ನು ತೋರಿಸುವುದಿಲ್ಲ. ಅದಕ್ಕೇ ವಹಿಯಲ್ಲಿ ಎರಡು ಗುರುತು ಹಾಕುತ್ತೇನೆ. ಫಲಕ್ಕೆ ಒಂದು, ನಿರ್ಧಾರಕ್ಕೆ ಒಂದು. ನಿರ್ಧಾರದ ಗುರುತು ಹಾಕುವಾಗ ಕೇಳಿಕೊಳ್ಳುವುದು ಇಷ್ಟೇ: ಅವತ್ತು ಸಿಗಬಹುದಾಗಿದ್ದ ಯಾವ ಮಾಹಿತಿಯನ್ನು ಕೇಳದೇ ಬಿಟ್ಟೆ? ಉತ್ತರ ಏನೂ ಇಲ್ಲ ಅಂದರೆ, ನಷ್ಟವಾದರೂ ಆ ನಿರ್ಧಾರ ಒಳ್ಳೆಯದೇ.

ಯಾರನ್ನಾದರೂ ಕೇಳುವುದಿದ್ದರೆ ಆಣೆ ಬರೆದಾದ ಮೇಲೆ ಕೇಳಬೇಕು. ಮೊದಲೇ ಕೇಳಿದರೆ ಬರೆಯುವುದು ಅವರ ಆಣೆ. "ಏನ್ ಮಾಡ್ಲಿ?" ಎಂದು ಕೇಳಬೇಡಿ, "ಅಣ್ಣಾರ, ನಿಮ್ಮ ಹೊಲದಾಗ ಇದು ಯಾವಾಗ ಕೆಟ್ಟಿತ್ರೀ, ಯಾಕ ಕೆಟ್ಟಿತ್ರೀ?" ಅಂತ ಕೇಳಿ. ಮೊದಲ ಪ್ರಶ್ನೆಗೆ ಅಭಿಪ್ರಾಯ ಸಿಗುತ್ತದೆ, ಎರಡನೆಯದಕ್ಕೆ ಸಂಗತಿ ಸಿಗುತ್ತದೆ. ಮಾರುವುದರಲ್ಲಿ ಪಾಲಿರುವ ದಲಾಲಿ ಅಂಗಡಿಯವರ ಮಾತು, ಔಷಧ ಮಾರುವವರ ಮಾತು "ಕೇಳಿದ್ದು" ಸಾಲಿಗೆ ಹೋಗಲಿ, ಅದಕ್ಕಿಂತ ಮೇಲಕ್ಕೆ ಬೇಡ. ತಳಿ, ರೋಗದ ವಿಚಾರಕ್ಕೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ, ರಾಯಚೂರು ಕೃಷಿ ವಿಶ್ವವಿದ್ಯಾಲಯ, ಹೋಬಳಿಯ ರೈತ ಸಂಪರ್ಕ ಕೇಂದ್ರ ಇವೆ. ಅಂಗಡಿ ಮುಂದೆ ನಿಂತಾಗ, ಹಸಿದಾಗ, ರಾತ್ರಿ ಊಟವಾದ ಮೇಲೆ ಬಂದ ಫೋನಿಗೆ ಒಪ್ಪಿಗೆ ಕೊಡುವುದು ಬೇಡ. "ಮನ್ಯಾಗ ಕೇಳಿ ನಾಳೆ ಮುಂಜಾನೆ ಹೇಳ್ತೀನ್ರಿ" ಎಂಬ ಒಂದು ಮಾತು ಬಾಯಿಪಾಠ ಇರಲಿ. ಮನೆಯಲ್ಲಿ ನಿಜವಾಗಿಯೂ ಕೇಳಿ. ಕೈಸಾಲ ಎಷ್ಟಿದೆ, ಯಾವ ಖರ್ಚು ಮುಂದೆ ಇದೆ ಎಂಬುದು ಮನೆಯವರಿಗೆ ನಮಗಿಂತ ಸರಿಯಾಗಿ ಗೊತ್ತಿರುತ್ತದೆ.

ಹಂಗಾಮು ಮುಗಿದ ಮೇಲೆ ವಹಿ ತೆಗೆದು ಲೆಕ್ಕ. 1950ರಲ್ಲಿ ಅಮೆರಿಕದ ಹವಾಮಾನ ತಜ್ಞ ಗ್ಲೆನ್ ಬ್ರಯರ್ ಮಳೆ ಮುನ್ಸೂಚನೆಗಳನ್ನು ಅಳೆಯಲು ಕೊಟ್ಟ ವಿಧಾನವನ್ನು ಆಣೆಗೆ ಇಳಿಸಿಕೊಂಡರೆ ಹೀಗಾಗುತ್ತದೆ. ಹೇಳಿದ್ದು ಆದರೆ 16ರಿಂದ ನಿಮ್ಮ ಆಣೆ ಕಳೆಯಿರಿ, ಆಗದಿದ್ದರೆ ಆಣೆಯನ್ನು ಹಾಗೇ ಇಡಿ. ಬಂದದ್ದನ್ನು ಅದರಿಂದಲೇ ಗುಣಿಸಿ. ಹನ್ನೆರಡಾಣೆ ಹೇಳಿ ಆದರೆ 4×4, ಅಂದರೆ 16. ಆಗದಿದ್ದರೆ 12×12, ಅಂದರೆ 144. ಎಲ್ಲವನ್ನೂ ಕೂಡಿಸಿ ಸರಾಸರಿ ತೆಗೆಯಿರಿ. ಎಲ್ಲಕ್ಕೂ ಎಂಟಾಣೆ ಬರೆದವನಿಗೆ ಸರಾಸರಿ 64 ಬರುತ್ತದೆ. ಅದಕ್ಕಿಂತ ಕಡಿಮೆ ಬಂದರೆ ನಿಮ್ಮ ಅಂದಾಜಿಗೆ ಬೆಲೆ ಇದೆ. ನಾಲ್ಕರಲ್ಲಿ ಮೂರು ಸರಿಯಾದಾಗ ಹನ್ನೆರಡಾಣೆ ಬರೆದವನಿಗೆ 48, ಅದೇ ನಾಲ್ಕಕ್ಕೂ ಹದಿನೈದಾಣೆ ಬರೆದವನಿಗೆ 57. ಅತಿ ನಂಬಿಕೆಯ ದಂಡ ಹೀಗೆ ಅಂಕಿಯಲ್ಲಿ ಕಾಣುತ್ತದೆ. ಹತ್ತಕ್ಕಿಂತ ಕಡಿಮೆ ಬರಹಗಳ ಮೇಲೆ ತೀರ್ಮಾನಕ್ಕೆ ಬರಬೇಡಿ.

ಈ ಲೆಕ್ಕವನ್ನು ವಿಷಯವಾರು ಬೇರೆಬೇರೆ ಮಾಡಬೇಕು, ಇಡೀ ವಹಿಯ ಸಾರ ಇಲ್ಲೇ ಸಿಗುವುದು. ಇಳುವರಿಯ ಅಂದಾಜು, ಆಳುಗಳು ಎಷ್ಟು ದಿನ ಹಿಡಿಯುತ್ತಾರೆ ಎಂಬುದು, ರೋಗದ ಗುರುತು, ಇವು ದುಡಿದು ಪಳಗಿದವರ ವಹಿಯಲ್ಲಿ ಚೆನ್ನಾಗಿ ನಿಲ್ಲುತ್ತವೆ, ಯಾಕೆಂದರೆ ಫಲ ಬೇಗ ಕಾಣುತ್ತದೆ, ಅಂದಾಜು ತಿದ್ದಿಕೊಳ್ಳುತ್ತ ಬರುತ್ತದೆ. ರೇಟಿನ ಅಂದಾಜು 64ರ ಆಸುಪಾಸಿನಲ್ಲೇ ಸುತ್ತುತ್ತದೆ. ಹಾಗಿದ್ದ ಮೇಲೆ ರೇಟಿನಲ್ಲಿ ನನ್ನ ಮನಸ್ಸಿನ ಮಾತು ಕೇಳುವುದಿಲ್ಲ, ನಿಯಮ ಇಟ್ಟಿದ್ದೇನೆ: ಮೂರು ಪಾಲು ಮಾಡಿ, ಒಂದು ಪಾಲು ಕಟಾವಿನಲ್ಲಿ, ಒಂದು ಆರು ವಾರಕ್ಕೆ, ಒಂದು ಮೂರು ತಿಂಗಳಿಗೆ. ಬೆಳೆಯಲ್ಲಿ ಮಾತ್ರ ಯಾರು ಏನೇ ಅಂದರೂ ನನ್ನ ಅಂದಾಜಿಗೆ ನಿಲ್ಲುತ್ತೇನೆ, ವಹಿ ಆ ಅಧಿಕಾರ ಕೊಟ್ಟಿದೆ.

ಶುರು ಮಾಡುವವರು ದೊಡ್ಡ ನಿರ್ಧಾರಕ್ಕೆ ಕಾಯಬೇಕಿಲ್ಲ. ರಾಶಿ ನೋಡಿ ಎಷ್ಟು ಚೀಲ ಆಗುತ್ತದೆ ಎಂದು ತೂಕಕ್ಕೆ ಮೊದಲು ಬರೆಯಿರಿ. ನಾಳೆ ಮಳೆ ಬರುತ್ತದೋ, ಟ್ರ್ಯಾಕ್ಟರ್ ಹೇಳಿದ ದಿನಕ್ಕೆ ಬರುತ್ತದೋ, ಆಣೆ ಹಾಕಿ. ಎಲ್ಲಕ್ಕೂ ಎಂಟಾಣೆ ಬರುತ್ತಿದ್ದರೆ ಅದು ತಪ್ಪಿಸಿಕೊಳ್ಳುವಿಕೆ, ಹತ್ತೋ ಆರೋ ಎಂದು ಬಲವಂತವಾಗಿ ಆರಿಸಿ. ಸುಮ್ಮನೆ ಬಿಟ್ಟದ್ದನ್ನೂ ಬರೆಯಿರಿ, "ಇವತ್ತು ಮಾರಲಿಲ್ಲ" ಎಂಬುದೂ ನಿರ್ಧಾರವೇ. ತೆಗೆದು ನೋಡುವ ದಿನ ಗೊತ್ತುಮಾಡಿದ ಮೇಲೆ ನಡುವೆ ದಿನಕ್ಕೆ ಹತ್ತು ಸಲ ರೇಟು ಕೇಳಬೇಡಿ. ನಿರ್ಧಾರ ಬದಲಿಸಲು ಕಾರಣವಾಗುವ ಒಂದು ಸಂಗತಿಯನ್ನು ಮೊದಲೇ ಬರೆದಿಡಿ. ಅದು ಘಟಿಸಿದರೆ ಮಾತ್ರ ಪುಟ ತೆರೆಯಿರಿ.

ಮಗಳು ಪಿಯುಸಿಗೆ ಬಳ್ಳಾರಿಗೆ ಹೋಗಬೇಕೋ ಊರಲ್ಲೇ ಓದಬೇಕೋ ಎಂಬಂಥದ್ದಕ್ಕೆ ರೂಪಾಯಿ ಲೆಕ್ಕ ಸಾಲದು. ಅಲ್ಲಿ ಆಣೆ ಹಾಕುವುದು ಸಣ್ಣ ಸಂಗತಿಗಳ ಮೇಲೆ: ಮೊದಲ ಮೂರು ತಿಂಗಳು ಹಾಸ್ಟೆಲಿನಲ್ಲಿ ನಿಲ್ಲುತ್ತಾಳೆ, ದೀಪಾವಳಿ ಹೊತ್ತಿಗೆ ತಾನಾಗಿ ಓದಿಗೆ ಕೂರುತ್ತಾಳೆ. ಆ ಆಣೆಯನ್ನು ಅಪ್ಪ ಒಬ್ಬನೇ ಬರೆಯುವುದು ಬೇಡ. ಮಗಳು, ಅವಳ ಅವ್ವ, ಅಪ್ಪ ಮೂವರೂ ಬೇರೆಬೇರೆ ಚೀಟಿಯಲ್ಲಿ ಬರೆದು ಒಟ್ಟಿಗೆ ಬಿಚ್ಚಬೇಕು. ಅಂಕಿ ಎಲ್ಲಿ ದೂರ ಬಿತ್ತೋ ಆ ಸಂಗತಿಯ ಬಗ್ಗೆ ಮಾತ್ರ ಮಾತು, ಮಗಳ ಚೀಟಿಯಿಂದ ಶುರು.