ಕಾರಿನ ಹೊಸ ಸ್ಟೀರಿಯೋಗೆ ವಿದ್ಯುತ್ ಸಂಪರ್ಕ

ಹೊರಗಿನಿಂದ ಕೊಂಡು ಕೂರಿಸುವ ಬಹುತೇಕ ಸ್ಟೀರಿಯೋಗಳಲ್ಲಿ ಹಳದಿ ತಂತಿಗೆ ಸದಾಕಾಲ 12 ವೋಲ್ಟ್ ದೊರೆಯಬೇಕು, ಏಕೆಂದರೆ ಗಡಿಯಾರವೂ ಉಳಿಸಿಟ್ಟ ರೇಡಿಯೋ ಕೇಂದ್ರಗಳೂ ಅದನ್ನೇ ಅವಲಂಬಿಸಿರುತ್ತವೆ. ಕೆಂಪು ತಂತಿಗೆ ಮಾತ್ರ ಕೀಲಿ ತಿರುಗಿಸಿದಾಗಷ್ಟೇ ವಿದ್ಯುತ್ ಬರಬೇಕು. ಎರಡನ್ನೂ ನೇರವಾಗಿ ಬ್ಯಾಟರಿಗೆ ಸೇರಿಸಿದರೆ, ನಿಲ್ಲಿಸಿದ ಕಾರಿನಲ್ಲೂ ಸ್ಟೀರಿಯೋ ವಿದ್ಯುತ್ ಹೀರುತ್ತಲೇ ಇದ್ದು ಬ್ಯಾಟರಿ ಬರಿದಾಗಬಹುದು. ಕಾರಿನ ಕಡೆಯ ತಂತಿಗಳ ಬಣ್ಣ ಒಂದೊಂದು ಕಂಪನಿಯಲ್ಲಿ ಒಂದೊಂದು ಬಗೆಯಾಗಿರುವುದರಿಂದ, ಬಣ್ಣವನ್ನು ನಂಬದೆ, ವೋಲ್ಟ್ ಅಳೆಯುವ ಸಾಧನವಾದ ಮಲ್ಟಿಮೀಟರ್‌ನಿಂದ ಅಳೆದು ಗುರುತು ಹಾಕಿಕೊಳ್ಳಬೇಕು.

ಅಳತೆ ಮುಗಿದ ಮೇಲೆ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಕಳಚಿಯೇ ಜೋಡಣೆ ಆರಂಭಿಸಬೇಕು. ಕಪ್ಪು ತಂತಿಯನ್ನು, ಪೇಂಟ್ ಕೆರೆದು ತೆಗೆದ ಬಾಡಿಯ ಲೋಹಕ್ಕೆ ಬೋಲ್ಟಿನಿಂದ ಬಿಗಿಯಬೇಕು. ಈ ಅರ್ತ್ ಸಂಪರ್ಕ ಸಡಿಲವಾದರೆ ಎಂಜಿನ್ನಿನ ವೇಗದೊಂದಿಗೆ ಏರಿಳಿಯುವ ಕೀರಲು ಸದ್ದು ಸ್ಪೀಕರಿನಲ್ಲಿ ಕೇಳಿಸಬಹುದು. ಬರೀ ಟೇಪು ಸುತ್ತಿದ ಜೋಡಣೆಯನ್ನು ನಾನು ಒಪ್ಪುವುದಿಲ್ಲ, ಡ್ಯಾಶ್‌ಬೋರ್ಡಿನ ಬಿಸಿಗೆ ಅದರ ಅಂಟು ಬಿಡುತ್ತದೆ. ಫ್ಯೂಸ್ ಸುಟ್ಟರೆ ಕಾರಣ ಹುಡುಕಿ, ಅದೇ ಆಂಪಿಯರ್‌ನದನ್ನೇ ಹಾಕಬೇಕು.