ಮನೆಯ ಕೊಟ್ಟಿಗೆಯಲ್ಲೇ ಮಾತಾಡುವ ಪ್ರಾಣಿಗಳ ಹಾಸ್ಯಚಿತ್ರ ಮಾಡುವ ಬಗೆ

ದಾವಣಗೆರೆಯಲ್ಲಿರುವ ನಾವು ಮಕ್ಕಳ ರಜೆಗೆ ಚಳ್ಳಕೆರೆ ಕಡೆಯ ಚಿಕ್ಕಮ್ಮನ ಊರಿಗೆ ಹೋದಾಗ, ಅಲ್ಲಿನ ಎಮ್ಮೆ, ಮೇಕೆ, ಹುಂಜ, ಬೆಕ್ಕುಗಳೇ ಪಾತ್ರಧಾರಿಗಳಾಗಿ ಮಾತಾಡುವ ಐದಾರು ನಿಮಿಷಗಳ ಹಾಸ್ಯಚಿತ್ರವನ್ನು ಮನೆಮಂದಿಯೆಲ್ಲ ಸೇರಿ ಮಾಡುವುದು ಈಗ ನಮ್ಮಲ್ಲಿ ರೂಢಿಯಾಗಿದೆ. ಇದಕ್ಕೆ ಒಂದು ಮೊಬೈಲ್, ಅದನ್ನು ಅಲುಗದಂತೆ ನಿಲ್ಲಿಸಲು ಒಂದು ಸಣ್ಣ ಟ್ರೈಪಾಡ್, ವಿಡಿಯೊ ಕತ್ತರಿಸಿ ಜೋಡಿಸುವ ಯಾವುದಾದರೂ ಉಚಿತ ಆ್ಯಪ್ ಮತ್ತು ನಾಲ್ಕೈದು ದಿನಗಳ ಬಿಡುವು ಸಾಕು. ನಿಜವಾಗಿ ತಿಳಿದಿರಬೇಕಾದದ್ದು ಕೆಲಸದ ಕ್ರಮ. ಸಾಮಾನ್ಯವಾಗಿ ಸಿನಿಮಾಗಳಿಗೆ ಮೊದಲು ಮಾತು ಬರೆದು ಆಮೇಲೆ ಚಿತ್ರೀಕರಿಸುತ್ತಾರೆ. ಇಲ್ಲಿ ಮೊದಲು ಚಿತ್ರೀಕರಿಸಬೇಕು, ಮಾತನ್ನು ಆಮೇಲೆ ಬರೆಯಬೇಕು.

ಮೊದಲ ವರ್ಷ ನಾವು ಈ ಕ್ರಮವನ್ನು ತಿಳಿಯದೆ, ಎಂಟು ಪುಟಗಳ ಸಂಭಾಷಣೆಯನ್ನು ಊರಿಗೆ ಹೊರಡುವ ಮೊದಲೇ ಸಿದ್ಧಪಡಿಸಿಕೊಂಡಿದ್ದೆವು. ಮೇಕೆ ಬಾಗಿಲ ಬಳಿ ಬಂದು ನಿಂತು ಎಡಕ್ಕೆ ತಿರುಗಿ ನೋಡಬೇಕೆಂದು ಬರೆದದ್ದಕ್ಕಾಗಿ ಮಧ್ಯಾಹ್ನದ ಬಿಸಿಲಿನಲ್ಲಿ ಅದನ್ನು ಹಗ್ಗ ಹಿಡಿದು ಎಳೆದಾಡಿದೆವು. ಮೇಕೆ ಬೆದರಿತು, ಮಕ್ಕಳು ಅತ್ತರು, ಒಂದು ದೃಶ್ಯವೂ ಸಿಗಲಿಲ್ಲ. ಸಂಜೆ ಚಿಕ್ಕಮ್ಮ ಹಾಲು ಕರೆಯುತ್ತಾ, ‘ಅದು ಏನ್ ಮಾಡ್ತತಿ ಅದನ್ನ ನೋಡ್ರಿ, ನಿಮಗೆ ಬೇಕಾದ್ದು ಮಾಡ್ಸಾಕ್ ಹೋಗಬ್ಯಾಡ್ರಿ’ ಎಂದು ಹೇಳಿದ್ದೇ ಮುಂದಿನ ಎಲ್ಲ ಕೆಲಸಕ್ಕೂ ದಾರಿಯಾಯಿತು.

ಆದುದರಿಂದ ಮೊದಲ ದಿನವನ್ನು ಮೊಬೈಲ್ ಮುಟ್ಟದೆ ಬರೀ ನೋಡುವುದಕ್ಕಾಗಿ ಮೀಸಲಿಡಬೇಕು. ಪ್ರತಿ ಮಗುವಿಗೂ ಒಂದೊಂದು ಪ್ರಾಣಿಯನ್ನು ಒಪ್ಪಿಸಿ, ಅದು ಯಾವ ಹೊತ್ತಿಗೆ ಎಲ್ಲಿ ನಿಲ್ಲುತ್ತದೆ, ಯಾರನ್ನು ಕಂಡರೆ ಕಿವಿ ನಿಮಿರಿಸುತ್ತದೆ, ಯಾವುದಕ್ಕೆ ಬೆನ್ನು ತಿರುಗಿಸುತ್ತದೆ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆಯಲು ಹೇಳಿ. ನಮ್ಮ ಮನೆಯ ಆರು ವರ್ಷದ ಹುಡುಗಿ ಎಮ್ಮೆಯ ಬಗ್ಗೆ ಬರೆದದ್ದು ಒಂದೇ ಸಾಲು: ಬಸ್ಸಿನ ಹಾರನ್ ಕೇಳಿದಾಗಲೆಲ್ಲ ಅಗಿಯುವುದನ್ನು ನಿಲ್ಲಿಸಿ ಗೇಟಿನ ಕಡೆ ನೋಡುತ್ತದೆ. ನಾವು ಇಪ್ಪತ್ತು ವರ್ಷಗಳಿಂದ ಆ ಕೊಟ್ಟಿಗೆಗೆ ಹೋಗಿಬರುತ್ತಿದ್ದರೂ ಇದನ್ನು ಗಮನಿಸಿರಲಿಲ್ಲ. ಮುಂದೆ ಇಡೀ ಚಿತ್ರ ನಿಂತದ್ದು ಈ ಒಂದು ಸಾಲಿನ ಮೇಲೆಯೇ.

ಎರಡನೆಯ ದಿನ ಬೆಳಿಗ್ಗೆ ಬಿಸಿಲು ಏರುವ ಮೊದಲು ಚಿತ್ರೀಕರಣ ಆರಂಭಿಸಬೇಕು. ಮೊಬೈಲನ್ನು ಅಡ್ಡವಾಗಿ ಹಿಡಿದು, ಪ್ರಾಣಿಯ ಕಣ್ಣಿನ ಮಟ್ಟಕ್ಕೇ ಇಳಿಸಿ ನಿಲ್ಲಿಸಿ. ನಿಂತ ಮನುಷ್ಯನ ಎತ್ತರದಿಂದ ತೆಗೆದರೆ ಪ್ರಾಣಿ ಪಾತ್ರದಂತೆ ಕಾಣುವುದಿಲ್ಲ, ಬೆನ್ನೂ ಕೊಂಬೂ ಮಾತ್ರ ಕಾಣುತ್ತವೆ. ಒಂದೊಂದು ಪ್ರಾಣಿಯನ್ನೂ ಹತ್ತು ನಿಮಿಷ ಎಡೆಬಿಡದೆ ಚಿತ್ರೀಕರಿಸಿ. ಮುಖದ ಹತ್ತಿರದ ನೋಟ, ಇಡೀ ಮೈ ಕಾಣುವ ನೋಟ, ಅದು ನೋಡುತ್ತಿರುವ ವಸ್ತು, ಈ ಮೂರೂ ಇರಲಿ. ಖಾಲಿ ಗೋದಲಿ, ಗೂಟ, ಒಣಗಿದ ಜೋಳದ ಸಪ್ಪೆಯ ಬಣವೆ, ಅಂಗಳದ ತೊಟ್ಟಿ ಇವುಗಳ ಚಿತ್ರಗಳನ್ನೂ ತೆಗೆದಿಟ್ಟುಕೊಂಡರೆ ಜೋಡಿಸುವಾಗ ತೇಪೆ ಹಾಕಲು ಒದಗುತ್ತವೆ.

ಮಾತಿಗೆ ಅತ್ಯಂತ ಚೆನ್ನಾಗಿ ಒದಗುವುದು ಮೆಲುಕು ಹಾಕುವ ಪ್ರಾಣಿ. ಎಮ್ಮೆ, ಹಸು, ಕುರಿ, ಮೇಕೆಗಳಿಗೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲುಗಳಿಲ್ಲ. ಕೆಳದವಡೆ ಪಕ್ಕಕ್ಕೆ ಸರಿದು ಅರೆಯುತ್ತದೆ. ಎಮ್ಮೆ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಸಲ ಅಗಿಯುತ್ತದೆ, ಮೇಕೆ ಇನ್ನೂ ಸ್ವಲ್ಪ ಚುರುಕು. ಐವತ್ತು ಅರವತ್ತು ಸಲ ಅಗಿದ ಮೇಲೆ ತುತ್ತನ್ನು ನುಂಗುತ್ತದೆ, ಆಗ ಬಾಯಿ ಕೆಲವು ಸೆಕೆಂಡು ಸುಮ್ಮನಾಗುತ್ತದೆ, ಕತ್ತಿನ ಕೆಳಗಿನಿಂದ ಉಂಡೆಯೊಂದು ಮೇಲಕ್ಕೆ ಏರಿಬರುವುದು ಚರ್ಮದ ಮೇಲೆಯೇ ಕಾಣುತ್ತದೆ, ಮತ್ತೆ ಅಗಿತ ಶುರುವಾಗುತ್ತದೆ. ಈ ಮೌನವನ್ನು ಕತ್ತರಿಸಿ ಎಸೆಯಬೇಡಿ. ಒಬ್ಬ ಹಿರಿಯರು ಪ್ರಶ್ನೆ ಕೇಳಿಸಿಕೊಂಡು, ಯೋಚಿಸಿ, ಉತ್ತರ ಕೊಡುವಾಗ ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೋ ಅಷ್ಟೇ ಹೊತ್ತನ್ನು ಎಮ್ಮೆಯೂ ತೆಗೆದುಕೊಳ್ಳುತ್ತದೆ, ನಗು ಹುಟ್ಟುವುದು ಅಲ್ಲಿಯೇ. ಅಗಿತ ಸಾಲದೆ ಬಂದರೆ ಅದೇ ತುಣುಕನ್ನು ಒಮ್ಮೆ ಮುಂದಕ್ಕೂ ಒಮ್ಮೆ ಹಿಂದಕ್ಕೂ ಓಡಿಸಿ ಜೋಡಿಸಬಹುದು. ದವಡೆ ಅತ್ತಿತ್ತ ಸರಿಯುವುದರಿಂದ ಹಿಂದಕ್ಕೆ ಓಡಿಸಿದ್ದು ಕಣ್ಣಿಗೆ ಸುಲಭವಾಗಿ ಗೊತ್ತಾಗುವುದಿಲ್ಲ.

ಹುಂಜ, ಹೇಟೆಗಳ ವಿಷಯದಲ್ಲಿ ಕೊಕ್ಕಿನ ಚಲನೆಯನ್ನು ನೆಚ್ಚಬಾರದು, ತಲೆಯ ಕೊಂಕನ್ನು ಹಿಡಿಯಬೇಕು. ಪ್ರತಿ ಕೊಂಕಿಗೂ ಒಂದೊಂದು ಪದ ಕೂರಿಸಿದರೆ ಕೃಷಿ ಮಾರುಕಟ್ಟೆಯಲ್ಲಿ ಮೆಕ್ಕೆಜೋಳದ ಹರಾಜು ಕೂಗುವವರ ಓಟ ತಾನಾಗಿ ಬರುತ್ತದೆ. ನಾಯಿ ಬಾಯಿ ತೆರೆದು ಏದುಸಿರು ಬಿಡುವಾಗ ಅವಸರದ ಮಾತು ಹೊಂದುತ್ತದೆ. ಬೆಕ್ಕಿಗೆ ಬಾಯಿಯ ಚಲನೆ ಬೇಕಾಗಿಲ್ಲ; ಅದು ಮನಸ್ಸಿನಲ್ಲೇ ಮಾತಾಡಿಕೊಳ್ಳುತ್ತದೆ ಎಂದು ನೋಡುವವರು ಒಪ್ಪಿಕೊಳ್ಳುತ್ತಾರೆ.

ಪ್ರಾಣಿಯ ಬಾಯಿ ಆಡಲೆಂದು ಅಂಟುವ ಪದಾರ್ಥವನ್ನು ಅಂಗುಳಿಗೆ ಮೆತ್ತುವುದು, ತುಟಿಗೆ ದಾರ ಕಟ್ಟುವುದು ಇವು ಯಾವ ಕಾರಣಕ್ಕೂ ಕೂಡದು. ಚಿತ್ರೀಕರಣದ ಉತ್ಸಾಹದಲ್ಲಿ ಮಕ್ಕಳು ಕೈಗೆ ಸಿಕ್ಕಿದ್ದನ್ನೆಲ್ಲ ತಿನ್ನಿಸಲು ಹೋಗುತ್ತಾರೆ. ನಮ್ಮ ಕಡೆ ಸಂಜೆಯಾದರೆ ಮಂಡಕ್ಕಿ ಮಿರ್ಚಿ ಎಲ್ಲರ ಕೈಯಲ್ಲೂ ಇರುತ್ತದೆ. ಅದರಲ್ಲಿರುವ ಈರುಳ್ಳಿ ನಾಯಿಗೂ ಬೆಕ್ಕಿಗೂ ವಿಷಕಾರಿ. ದನಕರು, ಮೇಕೆಗಳಿಗೆ ಅನ್ನವನ್ನೋ ಕಾಳನ್ನೋ ಒಮ್ಮೆಲೇ ಹೆಚ್ಚಾಗಿ ಕೊಟ್ಟರೆ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿ ಜೀವಕ್ಕೇ ಅಪಾಯವಾಗಬಹುದು. ಎಂದಿನ ಮೇವು, ಎಂದಿನ ಹೊತ್ತು, ಎಂದಿನ ಕೈ, ಇಷ್ಟೇ ಇರಲಿ.

ಕಾನೂನಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಗಿಣಿಯನ್ನು ಪಂಜರದಲ್ಲಿಟ್ಟು ಪಾತ್ರ ಮಾಡಿಸುವ ಆಸೆ ಬೇಡ, ನಮ್ಮ ನಾಡಿನ ಗಿಣಿಗಳನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ವಿರುದ್ಧ. ಕೋತಿಯನ್ನು ಪಳಗಿಸಿ ಆಡಿಸುವುದಕ್ಕೂ ನಿಷೇಧವಿದೆ. ಚಿತ್ರದುರ್ಗದ ಕೋಟೆಯ ಕೋತಿಗಳು ಬೇಕೆನಿಸಿದರೆ ತಿಂಡಿ ತೋರಿಸದೆ ದೂರದಿಂದ ಅವು ಇದ್ದಂತೆಯೇ ತೆಗೆದುಕೊಳ್ಳಿ, ಆದರೆ ಕೋಟೆ ಸಂರಕ್ಷಿತ ಸ್ಮಾರಕವಾದ್ದರಿಂದ ಟ್ರೈಪಾಡ್ ಇಡಲು ಪುರಾತತ್ವ ಇಲಾಖೆಯ ಅನುಮತಿ ಪಡೆಯಬೇಕು. ಮನೆಮಂದಿ ನೋಡುವ ಚಿತ್ರವನ್ನು ದಾಟಿ, ಪ್ರಾಣಿಗಳಿಂದ ಅಭಿನಯ ಮಾಡಿಸಿ ಸಾರ್ವಜನಿಕ ಪ್ರದರ್ಶನಕ್ಕೆ ಸಿನಿಮಾ ಮಾಡುವ ಯೋಚನೆಯಿದ್ದರೆ 2001ರ ನಿಯಮಗಳಂತೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯನ್ನು ಮೊದಲೇ ಸಂಪರ್ಕಿಸಬೇಕಾಗುತ್ತದೆ.

ಇನ್ನು ಮಾತು. ತೆಗೆದ ಚಿತ್ರಗಳನ್ನು ಧ್ವನಿ ಮುಚ್ಚಿ ಟಿವಿಯಲ್ಲಿ ಹಾಕಿ, ಎಲ್ಲರೂ ಕುಳಿತು ನೋಡುತ್ತಾ, ಈಗ ಇದು ಏನೆನ್ನುತ್ತಿರಬಹುದು ಎಂದು ಕೇಳಿಕೊಳ್ಳಬೇಕು. ಹಾರನ್ನಿಗೆ ಗೇಟಿನತ್ತ ನೋಡಿದ ಎಮ್ಮೆಗೆ ಆ ಹುಡುಗಿಯೇ ಮಾತು ಕೊಟ್ಟಳು: ‘ಬಂದ್ರಾ? ಬರ್ರಿ, ಬರ್ರಿ. ಹಾಲು ಕೇಳಾಕ ಬಂದಿರಬೇಕು. ಮೇವು ತಂದೀರೇನು?’ ಇದಕ್ಕಿಂತ ಹೆಚ್ಚು ಬರೆಯುವ ಅಗತ್ಯ ಬೀಳಲಿಲ್ಲ. ಒಂದು ಮಾತು ಐದಾರು ಪದಗಳನ್ನು ಮೀರದಿರಲಿ. ಹಸು ಎಂದರೆ ಸಾಧು, ನರಿ ಎಂದರೆ ಕಪಟಿ ಎಂಬ ಸಿದ್ಧ ಗುಣಗಳನ್ನು ಪ್ರಾಣಿಗಳ ಮೇಲೆ ಹೊರಿಸಬೇಡಿ. 11ನೇ ಶತಮಾನದಲ್ಲಿ ‘ಪಂಚತಂತ್ರ’ ಬರೆದ ದುರ್ಗಸಿಂಹನಿಂದ ಇಂದಿನವರೆಗೆ ಕನ್ನಡದಲ್ಲಿ ಪ್ರಾಣಿಗಳು ನೀತಿಗಾಗಿ ಬೇಕಾದಷ್ಟು ಮಾತಾಡಿವೆ, ನಿಮ್ಮ ಕೊಟ್ಟಿಗೆಯ ಎಮ್ಮೆ ತನ್ನ ಪಾಡು ತಾನು ಹೇಳಿಕೊಳ್ಳಲಿ.

ಧ್ವನಿ ಯಾರದ್ದಿರಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ದೃಢವಾಗಿದೆ: ಯಾರು ಮೇವು ಹಾಕುತ್ತಾರೋ ಅವರದ್ದು. ಚಿಕ್ಕಮ್ಮ ಸಂಕೋಚಪಟ್ಟುಕೊಂಡರೂ, ಎಮ್ಮೆಯ ಸಿಟ್ಟು ಯಾವ ದನಿಯಲ್ಲಿ ಬರುತ್ತದೆಂದು ಅವರಿಗೆ ಗೊತ್ತಿದ್ದಷ್ಟು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರ ಭಾಷೆಯನ್ನು ತಿದ್ದಲು ಹೋಗಬೇಡಿ. ದಾವಣಗೆರೆಯ ‘ಕುಂದುರ್ರಿ’ಯೂ ಹಿರಿಯೂರಿನ ‘ಏನ್ಲಾ’ವೂ ಒಂದೇ ಅಂಗಳದಲ್ಲಿ ಕೇಳಿಸಿದರೆ ಪಾತ್ರಗಳು ಬೇರೆಬೇರೆಯೆಂದು ತಾವಾಗಿ ತಿಳಿಯುತ್ತದೆ.

ಧ್ವನಿಮುದ್ರಣಕ್ಕೆ ಸ್ಟುಡಿಯೊ ಬೇಡ. ಫ್ಯಾನ್ ಆರಿಸಿ, ಮಂಚದ ಮೇಲೆ ಕುಳಿತು, ಮಾತಾಡುವವರನ್ನೂ ಮೊಬೈಲನ್ನೂ ಸೇರಿಸಿ ಒಂದು ದಪ್ಪ ಕುರಿ ಕಂಬಳಿಯನ್ನು ಹೊದಿಸಿದರೆ ಗೋಡೆಯಿಂದ ಮರಳುವ ಪ್ರತಿಧ್ವನಿ ಬಹುಮಟ್ಟಿಗೆ ಅಡಗುತ್ತದೆ. ಚಳ್ಳಕೆರೆ ಸೀಮೆಯಲ್ಲಿ ಕಂಬಳಿಗೆ ಕೊರತೆಯಿಲ್ಲ. ಪ್ರತಿ ಮಾತನ್ನೂ ಮೂರು ಸಲ ಹೇಳಿಸಿ, ಅಗಿತಕ್ಕೆ ಹೊಂದುವುದನ್ನು ಆರಿಸಿಕೊಳ್ಳಿ. ಮಾತಿನ ಮೊದಲ ಅಕ್ಷರವೂ ಬಾಯಿಯ ಮೊದಲ ಚಲನೆಯೂ ಕೂಡಿಬಂದರೆ ನಡುವೆ ಸ್ವಲ್ಪ ತಪ್ಪಿದರೂ ಕಣ್ಣು ಕ್ಷಮಿಸುತ್ತದೆ. ಕೊನೆಯ ಅಕ್ಷರ ಮುಗಿದ ಮೇಲೂ ಬಾಯಿ ಆಡುತ್ತಿದ್ದರೆ ಮಾತ್ರ ಒಡನೆ ಬೇರೆ ನೋಟಕ್ಕೆ ಕತ್ತರಿಸಬೇಕು.

ಮರಿಗಳನ್ನು ಪಾತ್ರಕ್ಕೆ ಆರಿಸಿಕೊಂಡಿದ್ದರೆ ಅದೇ ವಾರದಲ್ಲಿ ಕೆಲಸ ಮುಗಿಸಿಬಿಡಿ, ತಿಂಗಳು ಬಿಟ್ಟು ಬಂದರೆ ಮೇಕೆಮರಿ ಗುರುತು ಸಿಗದಷ್ಟು ಬೆಳೆದಿರುತ್ತದೆ. 1995ರ ‘ಬೇಬ್’ ಚಿತ್ರದಲ್ಲಿ ಒಂದೇ ಹಂದಿಮರಿಯ ಪಾತ್ರಕ್ಕೆ 48 ಮರಿಗಳನ್ನು ಬಳಸಬೇಕಾಗಿ ಬಂದದ್ದು ಇದೇ ಕಾರಣಕ್ಕೆ.

ಚಿತ್ರ ಸಿದ್ಧವಾದ ಮೇಲೆ ಅಂಗಳದಲ್ಲಿ ಬಿಳಿ ಪಂಚೆ ಕಟ್ಟಿ, ಬಾಡಿಗೆಗೆ ತಂದ ಪ್ರೊಜೆಕ್ಟರಿನಲ್ಲಿ ತೋರಿಸಬಹುದು. ಆದರೆ ಸ್ಪೀಕರನ್ನು ಕೊಟ್ಟಿಗೆಯಿಂದ ಆದಷ್ಟು ದೂರದಲ್ಲಿ, ಬೇರೆ ದಿಕ್ಕಿಗೆ ಮುಖ ಮಾಡಿ ಇಡಿ. ನಮ್ಮ ಎರಡನೆಯ ಚಿತ್ರದಲ್ಲಿ ಕರು ಕೂಗುವ ನಿಜವಾದ ಧ್ವನಿಯನ್ನು ಉಳಿಸಿಕೊಂಡಿದ್ದೆವು; ಅದು ಸ್ಪೀಕರಿನಿಂದ ಹೊರಬಿದ್ದ ಕೂಡಲೇ ಗೂಟದಲ್ಲಿದ್ದ ತಾಯಿಹಸು ಎದ್ದು ನಿಂತು ಹಗ್ಗ ಜಗ್ಗತೊಡಗಿತು. ಚಿಕ್ಕಮ್ಮ ಪ್ರದರ್ಶನ ನಿಲ್ಲಿಸಿ, ಕರುವನ್ನು ಬಿಚ್ಚಿ ತಂದು ಅದರ ಪಕ್ಕದಲ್ಲಿ ಕಟ್ಟಿದ ಮೇಲೆಯೇ ಚಿತ್ರ ಮುಂದುವರಿಯಿತು.