ರೇಷ್ಮೆ ಗೂಡಿನ ಬಾಗಿಲು ತೋರಣ: ನಾನು ಮಾಡುವ ಕ್ರಮ

ಶಿಡ್ಲಘಟ್ಟ, ಚಿಂತಾಮಣಿ ಸುತ್ತಮುತ್ತ ಇರುವವರು ರೇಷ್ಮೆ ಗೂಡಿಗಾಗಿ ದೂರ ಹೋಗಬೇಕಿಲ್ಲ. ಮಾರುಕಟ್ಟೆಯಲ್ಲಿ ಹರಾಜಾಗುವ ಒಳ್ಳೆಯ ಗೂಡು ನೂಲು ಬಿಚ್ಚಾಣಿಕೆಗೆ ಹೋಗಲಿ, ತೋರಣಕ್ಕೆ ಅದು ಬೇಡ. ಮೊಟ್ಟೆ ತಯಾರಿಸುವ ಬಿತ್ತನೆ ಕೇಂದ್ರಗಳಲ್ಲಿ ಚಿಟ್ಟೆ ಹೊರಬಿದ್ದ ಮೇಲೆ ತೂತು ಗೂಡು ಉಳಿಯುತ್ತದೆ. ಗಂಡು ಹೆಣ್ಣು ಬೇರ್ಪಡಿಸಲು ತುದಿ ಕತ್ತರಿಸಿದ ಗೂಡೂ ಇರುತ್ತದೆ. ಎಳೆ ತುಂಡಾಗಿರುವುದರಿಂದ ಇವುಗಳಿಂದ ನೂಲು ತೆಗೆಯಲಾಗದು, ಹಾಗಾಗಿ ಕಡಿಮೆ ದರಕ್ಕೆ ತೂಕದ ಲೆಕ್ಕದಲ್ಲಿ ಸಿಗುತ್ತವೆ. ಖಾಲಿ ಗೂಡು 100 ಗ್ರಾಂ ತಂದರೆ 250ರಿಂದ 300 ಬರುತ್ತವೆ. ಮೂರು ಅಡಿ ಬಾಗಿಲಿಗೆ ಬೇಕಾಗುವುದು ಗೂಡು ಕತ್ತರಿಸಿ ಮಾಡಿದ 45 ಹೂವು, ಒಂದು ಗೂಡಿಗೆ ಒಂದು ಹೂವು. ಕೆಟ್ಟದ್ದಕ್ಕೆ ಹತ್ತಿಪ್ಪತ್ತು ಹೆಚ್ಚು ಇಟ್ಟುಕೊಳ್ಳಿ.

ಆರಿಸುವಾಗ ಹೆಬ್ಬೆರಳಿನಲ್ಲಿ ಮೆಲ್ಲಗೆ ಒತ್ತಿ ನೋಡುತ್ತೇನೆ. ಒತ್ತಿದ್ದು ಪುಟಿದು ಮೊದಲಿನಂತಾದರೆ ಗೂಡು ಗಟ್ಟಿ. ಕಾಗದದಂತೆ ತೆಳ್ಳಗಿರುವ ಜಿಲ್ಲಿ ಗೂಡಿನಲ್ಲಿ ದಳ ನಿಲ್ಲುವುದಿಲ್ಲ. ಒಳಗೆ ಹುಳು ಸತ್ತು ಕಪ್ಪು ಕಲೆ ಹೊರಗೆ ಬಂದಿರುವುದನ್ನು ಪುಕ್ಕಟೆ ಕೊಟ್ಟರೂ ತರಬೇಡಿ. ಸತ್ತ ಹುಳುವಿನ ಎಣ್ಣೆಯ ವಾಸನೆ ಗೂಡಿಗೆ ಹಿಡಿದರೆ ಹೋಗುವುದೇ ಇಲ್ಲ.

ಈ ಕೆಲಸವೆಲ್ಲ ನಿಂತಿರುವುದು ಗೂಡಿನ ಅಂಟಿನ ಮೇಲೆ. ಗೂಡಿನ ತೂಕದಲ್ಲಿ ಸುಮಾರು ಕಾಲುಭಾಗ ಸೆರಿಸಿನ್ ಎಂಬ ಅಂಟು. ಹುಳು ಬಿಟ್ಟ ಎಳೆಗಳನ್ನು ಒಂದಕ್ಕೊಂದು ಹಿಡಿದಿಟ್ಟು ಗೂಡನ್ನು ಗಟ್ಟಿ ಮಾಡುವುದು ಅದೇ. ಬಿಸಿ ಮತ್ತು ತೇವ ತಗುಲಿದರೆ ಮೆತ್ತಗಾಗುತ್ತದೆ, ಒಣಗಿದರೆ ಬಾಗಿಸಿದ ಆಕಾರದಲ್ಲೇ ಬಿಗಿಯುತ್ತದೆ. ಕುದಿಯುವ ನೀರು, ಸೋಪು, ವಾಷಿಂಗ್ ಸೋಡ ಸೇರಿದರೆ ಕರಗಿಯೇ ಹೋಗುತ್ತದೆ. ಇದೊಂದು ತಲೆಯಲ್ಲಿದ್ದರೆ ಮುಂದೆ ಏನು ಕೆಟ್ಟರೂ ಕಾರಣ ನಿಮಗೇ ಹೊಳೆಯುತ್ತದೆ.

ಮೊದಲು ಗೂಡಿನ ಮೇಲಿರುವ ಬುರುಗಿನಂಥ ಸಡಿಲ ಎಳೆ ತೆಗೆಯಬೇಕು. ಒಂದು ಕಡ್ಡಿಗೆ ಎಳೆ ಸಿಕ್ಕಿಸಿ ಗೂಡನ್ನು ಅಂಗೈಯಲ್ಲಿ ಉರುಳಿಸಿದರೆ ಅಷ್ಟೂ ಕಡ್ಡಿಗೆ ಸುತ್ತಿಕೊಂಡು ಬರುತ್ತದೆ. ಬಿಟ್ಟರೆ ಕತ್ತರಿಗೆ ಸಿಕ್ಕಿಕೊಳ್ಳುತ್ತದೆ, ಬಣ್ಣ ಹಾಕಿದಾಗ ಗಂಟುಗಂಟಾಗುತ್ತದೆ. ಆಮೇಲೆ ತೂತಿರುವ ತುದಿಯನ್ನು ಅರ್ಧ ಸೆಂಟಿಮೀಟರ್ ಕತ್ತರಿಸಿ ತೆಗೆಯಿರಿ. ಚಿಟ್ಟೆ ಹೊರಬರುವಾಗ ಬಿಟ್ಟ ಕಂದು ಕಲೆಯ ಬಹುಪಾಲು ಅಲ್ಲಿಯೇ ಇರುತ್ತದೆ. ಹುಳು ಚಿಟ್ಟೆಯಾಗುವಾಗ ಒಳಗೆ ಕಳಚಿದ ಪ್ಯೂಪಾ ಸಿಪ್ಪೆಯನ್ನು ಕೊಡವಿ, ಅಂಟಿದ್ದರೆ ಚಿಮಟದಲ್ಲಿ ಎಳೆದು ತೆಗೆಯಿರಿ. ಚೂರು ಉಳಿದರೂ ಇರುವೆ ಬರುತ್ತದೆ, ಮುಂದೆ ಡರ್ಮೆಸ್ಟಿಡ್ ಜೀರುಂಡೆ ಹತ್ತಿ ಗೂಡನ್ನೇ ಕೊರೆಯುತ್ತದೆ. ತಣ್ಣೀರಲ್ಲಿ ಒಮ್ಮೆ ಅದ್ದಿ, ಬಾಯಿ ಕೆಳಗೆ ಮಾಡಿ ನೆರಳಲ್ಲಿ ಒಣಗಿಸಿ. ಬೆಳ್ಳಗಾಗಲಿ ಎಂದು ಬ್ಲೀಚಿಂಗ್ ಪೌಡರ್ ಹಾಕಲೇಬೇಡಿ, ಅದು ರೇಷ್ಮೆಯನ್ನೇ ತಿನ್ನುತ್ತದೆ.

ಬಣ್ಣದ ವಿಷಯದಲ್ಲಿ ನನ್ನ ಆಯ್ಕೆ ಸ್ಪಷ್ಟ. ಬೈವೋಲ್ಟಿನ್ (ದ್ವಿತಳಿ) ಗೂಡಿನ ಬಿಳಿ, ಸಿಬಿ (ಮಿಶ್ರತಳಿ) ಗೂಡಿನ ತಿಳಿ ಹಳದಿ, ಇವೆರಡನ್ನು ಬೆರೆಸಿ ಕಟ್ಟಿದ ತೋರಣಕ್ಕೆ ಬೇರೆ ಬಣ್ಣ ಬೇಕಿಲ್ಲ. ಸಿಬಿ ಗೂಡಿನ ಹಳದಿ ಹೆಚ್ಚಾಗಿ ಆ ಅಂಟಿನಲ್ಲೇ ಇರುವುದರಿಂದ ಬಿಸಿನೀರಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಪೇಲವವಾಗುತ್ತದೆ. ಕೆಂಪೋ ಹಸಿರೋ ಬೇಕೇ ಬೇಕೆಂದರೆ 50 ಗೂಡಿಗೆ ಒಂದು ಲೀಟರ್ ನೀರು, ಎರಡು ದೊಡ್ಡ ಚಮಚ ವಿನೆಗರ್, ಅರ್ಧ ಟೀ ಚಮಚ ಅಡುಗೆ ಬಣ್ಣದ ಪುಡಿ. ರೇಷ್ಮೆ ಪ್ರೋಟೀನಾದ್ದರಿಂದ ಹುಳಿ ನೀರಿನಲ್ಲಿ ಈ ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಪಾತ್ರೆಯ ತಳದಲ್ಲಿ ಸಣ್ಣ ಗುಳ್ಳೆ ಏಳತೊಡಗಿದಾಗ ಉರಿ ಸಣ್ಣ ಮಾಡಿ ಗೂಡು ಹಾಕಿ. ತೇಲುತ್ತವೆ, ಮೇಲೆ ತೂತಿನ ತಟ್ಟೆ ಇಟ್ಟು ಮುಳುಗಿಸಿ. ಹತ್ತು ನಿಮಿಷ ಸಾಕು. ಕುದಿ ಬಂದರೆ ಗೂಡು ನೆನೆದ ಹತ್ತಿಯಂತೆ ಮುದುಡುತ್ತದೆ. ಹತ್ತಿಬಟ್ಟೆಗೆಂದು ಮಾರುವ, ಸೋಡ ಹಾಕಿ ಬಳಸುವ ಬಣ್ಣ ಇದಕ್ಕಾಗದು. ಅರಿಶಿನ ಚೆನ್ನಾಗಿ ಹಿಡಿದರೂ ಬಿಸಿಲಿಗೆ ಬೇಗ ಮಾಸುತ್ತದೆ. ಅರಿಶಿನಕ್ಕೆ ಸುಣ್ಣ ಬೆರೆಸಿ ಮಾಡಿದ ಕುಂಕುಮವನ್ನು ವಿನೆಗರ್ ನೀರಿಗೆ ಹಾಕಿದರೆ ಕೆಂಪು ಹೋಗಿ ಹಳದಿಗೇ ತಿರುಗುತ್ತದೆ. ಹೊನ್ನಿನಂಥ ಕಂದು ಬೇಕಾದರೆ ಈರುಳ್ಳಿ ಸಿಪ್ಪೆ ಕುದಿಸಿ ಸೋಸಿದ ನೀರಿಗೆ ಚಿಟಿಕೆ ಪಟಕ ಹಾಕಿ, ಆರಿ ಉಗುರುಬೆಚ್ಚಗಾದ ಮೇಲೆ ಗೂಡನ್ನು ರಾತ್ರಿಯಿಡೀ ನೆನೆಸಿಡಿ.

ಪೂರ್ತಿ ಒಣಗಿದ ಮೇಲಷ್ಟೇ ದಳ ಕತ್ತರಿಸಬೇಕು. ಒದ್ದೆಯಿದ್ದರೆ ಪದರಗಳು ಬಿಟ್ಟುಕೊಂಡು ಅಂಚು ಜೂಲು ಜೂಲಾಗುತ್ತದೆ. ತುದಿ ತೆಗೆದ ಗೂಡು ಎರಡೂವರೆ ಸೆಂಟಿಮೀಟರ್‌ನಷ್ಟು ಉದ್ದ ಇರುತ್ತದೆ. ಬಾಯಿಯ ಸುತ್ತ ಪೆನ್ಸಿಲ್‌ನಲ್ಲಿ ಐದು ಗುರುತು ಮಾಡಿ, ಚೂಪು ಕತ್ತರಿಯಲ್ಲಿ ಒಂದೂವರೆ ಸೆಂಟಿಮೀಟರ್ ಆಳಕ್ಕೆ ಸೀಳಿ. ಬುಡದಲ್ಲಿ ಒಂದು ಸೆಂಟಿಮೀಟರ್ ಬಟ್ಟಲು ಉಳಿಯಲೇಬೇಕು, ಇಲ್ಲವಾದರೆ ದಾರ ಎಳೆದಾಗ ಹೂವು ಎರಡಾಗುತ್ತದೆ. ಪ್ರತಿ ದಳದ ಮೂಲೆ ದುಂಡಗೆ ಮಾಡಿ. ಈಗ ಇಡ್ಲಿ ಪಾತ್ರೆಯ ಹಬೆಗೆ ಹೂವನ್ನು ಚಿಮಟದಲ್ಲಿ ಐದಾರು ಸೆಕೆಂಡ್ ಹಿಡಿದು, ಒಂದೊಂದು ದಳವನ್ನೂ ಪೆನ್ಸಿಲ್ ಮೇಲೆ ಹೊರಕ್ಕೆ ಬಾಗಿಸಿ ಹತ್ತು ಎಣಿಸುವವರೆಗೆ ಒತ್ತಿ ಹಿಡಿಯಿರಿ. ಬಿಟ್ಟ ಮೇಲೂ ದಳ ಹಾಗೇ ನಿಂತರೆ ಸರಿ. ಹಿಂದಕ್ಕೆ ಎದ್ದರೆ ಹಬೆ ಸಾಲದು. ಬೆರಳಿಗೆ ಜಿಗುಟಾಗಿ ಅಂಟಿದರೆ ಹಬೆ ಹೆಚ್ಚಾಗಿದೆ, ಆರಲು ಬಿಟ್ಟು ಮತ್ತೆ ಹಿಡಿಯಬೇಕು.

ಪೋಣಿಸಲು ಕ್ರೋಶಾ ದಾರವೇ ಒಳ್ಳೆಯದು. ತೆಳು ನೈಲಾನ್ ಎಳೆ ಗಾಳಿಗೆ ಅಲ್ಲಾಡುತ್ತಾ ಗೂಡನ್ನು ಕೊಯ್ಯುತ್ತದೆ. ಗೂಡಿನ ಬುಡ ಗಟ್ಟಿ, ಸಾಮಾನ್ಯ ಸೂಜಿ ಬಾಗುತ್ತದೆ. ಅಲ್ಲಿಗೆ ಒಂದು ಹನಿ ನೀರು ಮುಟ್ಟಿಸಿ, ಅರೆ ನಿಮಿಷ ಬಿಟ್ಟು, ಒಳಗಿನಿಂದ ಹೊರಕ್ಕೆ ದಬ್ಬಳ ಚುಚ್ಚಿ. ಮುಖ್ಯ ದಾರ 110 ಸೆಂಟಿಮೀಟರ್, ಎರಡು ಕಡೆ ಹತ್ತತ್ತು ಸೆಂಟಿಮೀಟರ್ ಕುಣಿಕೆಗೆ. ನಡುವಿನ 90ರಲ್ಲಿ ಒಂಬತ್ತು ಸೆಂಟಿಮೀಟರ್‌ಗೊಂದರಂತೆ ಕೆಳಗೆ ಇಳಿಬಿಡುವ 11 ಎಳೆ. ಉದ್ದದ ಎಳೆ ಆರು, ಒಂದೊಂದಕ್ಕೆ ಐದು ಹೂವು. ಗಿಡ್ಡ ಎಳೆ ಐದು, ಒಂದೊಂದಕ್ಕೆ ಮೂರು. ಎರಡು ತುದಿಗೂ ಉದ್ದದ್ದೇ ಬರುವಂತೆ ಒಂದು ಬಿಟ್ಟು ಒಂದು ಕಟ್ಟಿ. ಹೂವುಗಳ ಬಾಯಿ ಕೆಳಗಿರಲಿ. ನಾಲ್ಕು ಸೆಂಟಿಮೀಟರ್‌ಗೊಂದು ಗಂಟು, ಗಂಟಿನ ಮೇಲೆ ಮುತ್ತಿನ ಮಣಿ, ಮಣಿಯ ಮೇಲೆ ಹೂವು ಕೂರುತ್ತದೆ. ಐದು ಹೂವಿನ ಎಳೆಯ ಗೂಡೆಲ್ಲ ಸೇರಿದರೂ ಎರಡು ಗ್ರಾಂ ಆಗದು, ಫ್ಯಾನ್ ಗಾಳಿಗೇ ಎಳೆಗಳು ಒಂದಕ್ಕೊಂದು ಸುತ್ತಿಕೊಳ್ಳುತ್ತವೆ. ಅದಕ್ಕೆ ಪ್ರತಿ ಎಳೆಯ ತುದಿಗೂ ಒಂದು ಗೆಜ್ಜೆ ಕಟ್ಟುತ್ತೇನೆ, ಭಾರಕ್ಕೆ ಎಳೆ ನೇರ ನಿಲ್ಲುತ್ತದೆ. ಎಲ್ಲಿಯಾದರೂ ಅಂಟಿಸಬೇಕಾದರೆ ಫೆವಿಕಾಲ್ ಸಾಕು. ಪಶ್ಚಿಮಕ್ಕೆ ಮುಖ ಮಾಡಿದ ಬಾಗಿಲಲ್ಲಿ ಗ್ಲೂ ಗನ್ ಅಂಟು ಬೇಸಿಗೆಯ ಬಿಸಿಲಿಗೆ ಮೆತ್ತಗಾಗುತ್ತದೆ.

ತೋರಣವನ್ನು ಇರಚಲು ಬಡಿಯದ ಕಡೆ ಕಟ್ಟಿ. ನೆನೆದು ದಳ ಜೋತುಬಿದ್ದರೆ ನೆರಳಲ್ಲಿ ಒಣಗಿಸಿ ಮತ್ತೆ ಹಬೆ ಹಿಡಿದರೆ ಮೊದಲಿನ ಆಕಾರಕ್ಕೆ ಬರುತ್ತದೆ. ಧೂಳಿಗೆ ಮೆತ್ತನೆ ಬಣ್ಣದ ಬ್ರಷ್, ಅಷ್ಟೇ. ತೆಗೆದಿಡುವಾಗ ತೇವವಿಲ್ಲದ ಮುಚ್ಚಳದ ಡಬ್ಬಿಗೆ ಎರಡು ನುಸಿಗುಳಿಗೆ ಹಾಕಿ.

ಮಿಕ್ಕ ಗೂಡುಗಳ ಬುಡಕ್ಕೆ ತೂತು ಮಾಡಿ ಎಲ್‌ಇಡಿ ಸೀರಿಯಲ್ ದೀಪಕ್ಕೆ ಟೊಪ್ಪಿಗೆಯಾಗಿ ತೊಡಿಸಬಹುದು. ಬಿಳಿ ಗೂಡಿನೊಳಗಿಂದ ಬೆಳಕು ಹಾಲುಬಣ್ಣವಾಗಿ ಬರುತ್ತದೆ. ಬಿಸಿಯಾಗುವ ಹಳೆಯ ಬಲ್ಬಿನ ಸರಕ್ಕೆ ಮಾತ್ರ ಬೇಡ.